ಊರಿಗೆ ಟವರ್ ಲೈನ್ ಬರುವಾಗ: ಮಾರ್ಗ ನಿರ್ಧಾರದಲ್ಲಿ ಗ್ರಾಮ ಪಂಚಾಯಿತಿ ಮಾಡಬೇಕಾದ ಕೆಲಸ

ಹೊಸ ಹೈಟೆನ್ಷನ್ ಲೈನ್ ಬರುತ್ತಿದೆ ಎಂಬ ಸುದ್ದಿ ಹೆಚ್ಚಿನ ಊರುಗಳಿಗೆ ಮುಟ್ಟುವುದು ಸರ್ವೆಯವರು ಹೊಲದಲ್ಲಿ ಗೂಟ ಹೊಡೆದು ಹೋದ ಮೇಲೆ. ಆಗ ರೈತರು ಪಂಚಾಯಿತಿಗೆ ಬರುತ್ತಾರೆ, ಪಂಚಾಯಿತಿ ‘ಈ ಯೋಜನೆಗೆ ನಮ್ಮ ವಿರೋಧವಿದೆ’ ಎಂದು ಒಂದು ಸಾಲಿನ ನಿರ್ಣಯ ಬರೆದು ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಅದು ಕಡತದೊಳಗೆ ಸೇರಿಕೊಳ್ಳುತ್ತದೆ, ಲೈನ್ ಮಾತ್ರ ಗೂಟ ಹೊಡೆದ ದಾರಿಯಲ್ಲೇ ಬರುತ್ತದೆ. ಬರೀ ವಿರೋಧಕ್ಕೆ ಕಾನೂನಿನಲ್ಲಿ ಬಲ ಕಡಿಮೆ. ಸರ್ವೆ ನಂಬರು, ತಿರುವಿನ ಬಿಂದು, ಅಳತೆ ಹಿಡಿದು ‘ಇಲ್ಲಿ ಬೇಡ, ಈ ಕಾರಣಕ್ಕೆ, ಹೀಗೆ ಹೋಗಬಹುದು’ ಎಂದು ಬರೆದುಕೊಟ್ಟ ಪಂಚಾಯಿತಿಗೆ ಉತ್ತರ ಕೊಡದೆ ಎಂಜಿನಿಯರುಗಳು ಮುಂದೆ ಹೋಗುವುದು ಕಷ್ಟ. ಹಾಗೆ ಬರೆದುಕೊಡುವುದು ಹೇಗೆ, ಯಾವಾಗ, ಯಾರಿಗೆ ಎಂಬುದನ್ನು ಕರ್ನಾಟಕದ ಹಳ್ಳಿಗಳನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇವೆ.

ಮೊದಲು: ಯಾರ ಕೈಯಲ್ಲಿ ಏನಿದೆ

ಎರಡು ಬಗೆಯ ಲೈನುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ ಎಳೆಯುವ 11 ಕೆವಿ (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟ್), 33 ಕೆವಿ ಕಂಬದ ಲೈನುಗಳು ಒಂದು ಬಗೆ. ಇವಕ್ಕೆ ಸಾಮಾನ್ಯವಾಗಿ ಅನ್ವಯಿಸುವುದು 2006ರ ‘ವರ್ಕ್ಸ್ ಆಫ್ ಲೈಸೆನ್ಸೀಸ್’ ನಿಯಮಗಳು. ಜಮೀನಿನ ಮಾಲೀಕರ ಒಪ್ಪಿಗೆ ಬೇಕು; ಮಾಲೀಕರು ಒಪ್ಪದಿದ್ದರೆ ಕಂಪನಿ ಜಿಲ್ಲಾ ದಂಡಾಧಿಕಾರಿಯ (ಜಿಲ್ಲಾಧಿಕಾರಿಯೇ ಈ ಅಧಿಕಾರ ಚಲಾಯಿಸುವವರು) ಅನುಮತಿ ಪಡೆಯಬೇಕು. ಅವರ ಆದೇಶವನ್ನು ವಿದ್ಯುತ್ ನಿಯಂತ್ರಣ ಆಯೋಗದ ಮುಂದೆ ಪ್ರಶ್ನಿಸಲು ದಾರಿಯಿದೆ.

ಕೆಪಿಟಿಸಿಎಲ್ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ), ಪವರ್‌ಗ್ರಿಡ್ (ಕೇಂದ್ರದ ಪ್ರಸರಣ ಕಂಪನಿ) ಅಥವಾ ಟೆಂಡರ್ ಗೆದ್ದ ಖಾಸಗಿ ಕಂಪನಿ ಕಟ್ಟುವ 66, 110, 220, 400 ಕೆವಿ ಟವರ್ ಲೈನುಗಳು ಇನ್ನೊಂದು ಬಗೆ. ಇಲ್ಲಿ 2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಸರ್ಕಾರದ ಪೂರ್ವಾನುಮೋದನೆ ಬೇಕು. 164ನೇ ಸೆಕ್ಷನ್ ಅಡಿ ಸರ್ಕಾರ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ಕೊಟ್ಟಿದ್ದರೆ ರೈತರ ಪೂರ್ವ ಒಪ್ಪಿಗೆ ಬೇಕಿಲ್ಲ. ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. 2023ರ ದೂರಸಂಪರ್ಕ ಕಾಯ್ದೆ ಬಂದು ಹಳೆಯ ಟೆಲಿಗ್ರಾಫ್ ಕಾಯ್ದೆ ರದ್ದಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ವಾದ ನಿಲ್ಲುವುದಿಲ್ಲ, ವಿದ್ಯುತ್ ಲೈನುಗಳ ಮಟ್ಟಿಗೆ ಅದರ ಮೂರನೇ ಭಾಗವನ್ನು ಹೊಸ ಕಾಯ್ದೆಯೇ ಉಳಿಸಿಕೊಂಡಿದೆ.

ಆದರೆ ಅದೇ ಮೂರನೇ ಭಾಗದಲ್ಲಿ ಪಂಚಾಯಿತಿಗೂ ಒಂದು ಹಿಡಿತವಿದೆ. ಹೆಚ್ಚಿನ ಪಂಚಾಯಿತಿಗಳು ಇದನ್ನು ಬಳಸುವುದೇ ಇಲ್ಲ. 10ನೇ ಸೆಕ್ಷನ್‌ನ ‘ಸಿ’ ಖಂಡದ ಪ್ರಕಾರ ಸ್ಥಳೀಯ ಸಂಸ್ಥೆಯ ಒಡೆತನದ ಅಥವಾ ನಿರ್ವಹಣೆಯ ಸ್ವತ್ತಿನ ಮೇಲೆ, ಕೆಳಗೆ, ಉದ್ದಕ್ಕೆ ಅಥವಾ ಅಡ್ಡಕ್ಕೆ ಲೈನ್ ಹಾಯಲು ಆ ಸಂಸ್ಥೆಯ ಅನುಮತಿ ಬೇಕು. 12ನೇ ಸೆಕ್ಷನ್ ಪ್ರಕಾರ ಆ ಅನುಮತಿಗೆ ಕೆಲಸದ ಸಮಯ, ವಿಧಾನ, ಪಂಚಾಯಿತಿಗೆ ಬೀಳುವ ಖರ್ಚು ಇವುಗಳ ಬಗ್ಗೆ ನ್ಯಾಯಯುತ ಷರತ್ತು ಹಾಕಬಹುದು. ಲೈನ್ ಬಂದ ಮೇಲೆ ಪರಿಸ್ಥಿತಿ ಬದಲಾದರೆ ಅದನ್ನು ಸರಿಸಲು ಕೇಳುವ ಹಕ್ಕು 13ನೇ ಸೆಕ್ಷನ್‌ನಲ್ಲಿದೆ. ಗ್ರಾಮ ಪಂಚಾಯಿತಿಯ ರಸ್ತೆ, ನೀರಿನ ಪೈಪ್‌ಲೈನ್ ಜಾಗ, ಸಂತೆ ಮಾಳ, ಸ್ಮಶಾನ ಇವೆಲ್ಲ ಇದರೊಳಗೆ ಬರುತ್ತವೆ. ಗೋಮಾಳ ಮತ್ತು ಇತರ ಸರ್ಕಾರಿ ಜಮೀನು ಕಂದಾಯ ಇಲಾಖೆಯದ್ದು, ಅದನ್ನು ಇದಕ್ಕೆ ಸೇರಿಸಿ ಬರೆದರೆ ನಿಮ್ಮ ವಾದ ಸಡಿಲಾಗುತ್ತದೆ.

ರೈತರಿಗೆ ಎರಡು ವಾಕ್ಯ ಬಾಯಿಪಾಠ ಇರಲಿ: ಲೈನಿನ ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ, ಜಮೀನಿನ ಒಡೆತನವಲ್ಲ. ಕೆಲಸದಲ್ಲಿ ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು. ಎರಡೂ 10ನೇ ಸೆಕ್ಷನ್‌ನಲ್ಲಿಯೇ ಇವೆ.

ಹಂತ 1: ಲೈನ್ ಯಾವುದು, ಕೆಲಸ ಎಲ್ಲಿಗೆ ಬಂದಿದೆ

ಗೂಟ ಹೊಡೆಯುವವರನ್ನು ಕೇಳಿ ಪ್ರಯೋಜನವಿಲ್ಲ, ಅವರು ಗುತ್ತಿಗೆದಾರರ ಹುಡುಗರು. ಕೆಪಿಟಿಸಿಎಲ್ ಲೈನಾದರೆ ಬೃಹತ್ ಕಾಮಗಾರಿ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಗೆ ಪಿಡಿಒ ಸಹಿಯಲ್ಲಿ ಪತ್ರ ಬರೆಯಿರಿ. ಕೇಳಬೇಕಾದವು:

- ಲೈನಿನ ಹೆಸರು, ಯಾವ ಸ್ಟೇಷನ್‌ನಿಂದ ಯಾವ ಸ್ಟೇಷನ್‌ಗೆ, ಎಷ್ಟು ಕೆವಿ, ಸಿಂಗಲ್ ಸರ್ಕ್ಯೂಟೋ ಡಬಲ್ ಸರ್ಕ್ಯೂಟೋ (ಒಂದೇ ಟವರಿನ ಮೇಲೆ ಒಂದು ಲೈನೋ ಎರಡೋ)
- 68ನೇ ಸೆಕ್ಷನ್ ಅನುಮೋದನೆ, 164ನೇ ಸೆಕ್ಷನ್ ಆದೇಶಗಳ ಪ್ರತಿ
- ಅನುಮೋದಿತ ಮಾರ್ಗ ನಕ್ಷೆ, ಪರಿಶೀಲಿಸಿ ಕೈಬಿಟ್ಟ ಪರ್ಯಾಯ ಮಾರ್ಗಗಳು ಮತ್ತು ಅವುಗಳ ಹೋಲಿಕೆ ಪಟ್ಟಿ
- ನಮ್ಮ ಪಂಚಾಯಿತಿ ವ್ಯಾಪ್ತಿಯ ಎಲ್ಲ ಆ್ಯಂಗಲ್ ಪಾಯಿಂಟ್‌ಗಳ (ಎಪಿ, ಅಂದರೆ ಲೈನ್ ತಿರುಗುವ ಬಿಂದುಗಳ) ಅಕ್ಷಾಂಶ ರೇಖಾಂಶ
- ಟವರ್ ಶೆಡ್ಯೂಲ್ (ಯಾವ ಟವರ್ ಎಲ್ಲಿ ಎಂಬ ಪಟ್ಟಿ) ಮತ್ತು ಪ್ರೊಫೈಲ್ (ನೆಲದ ಏರಿಳಿತ, ತಂತಿಯ ಎತ್ತರ ತೋರಿಸುವ ಚಿತ್ರ), ತಯಾರಾಗಿದ್ದರೆ
- ಕಾರಿಡಾರ್ (ತಂತಿಯ ಕೆಳಗೆ ಮತ್ತು ಎರಡೂ ಬದಿಗೆ ಲೈನಿಗಾಗಿ ಬಿಡಬೇಕಾದ ಪಟ್ಟಿ) ಅಗಲ, ಸರ್ವೆ ನಂಬರುವಾರು ಪಟ್ಟಿ

ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಇದೇ ಪಟ್ಟಿಯನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿಯಾಗಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಯೋಜನೆಯ ಪ್ರಕಟಣೆ ಪತ್ರಿಕೆಗಳಲ್ಲಿ, ರಾಜ್ಯಪತ್ರದಲ್ಲಿ ಹಳ್ಳಿಗಳ ಹೆಸರಿನ ಸಮೇತ ಬಂದಿರುತ್ತದೆ, ಆಕ್ಷೇಪಣೆಗೆ ಗಡುವೂ ಇರುತ್ತದೆ. ಹಳ್ಳಿಯಲ್ಲಿ ಯಾರೂ ಓದದ ಪುಟದಲ್ಲಿ ಅದು ಬಂದು ಹೋಗಿರುವುದೇ ಹೆಚ್ಚು. ಆದ್ದರಿಂದ ಸುದ್ದಿಯ ಸುಳಿವು ಸಿಕ್ಕ ದಿನವೇ ಪ್ರಕಟಣೆಯ ದಿನಾಂಕ ಕೇಳಿ.

ಸರ್ವೆ ನಾಲ್ಕು ಸಲ ನಡೆಯುತ್ತದೆ: ನಡೆದು ನೋಡುವ ಸರ್ವೆ, ಪ್ರಾಥಮಿಕ ಸರ್ವೆ, ವಿಸ್ತೃತ ಸರ್ವೆ, ಕೊನೆಗೆ ಚೆಕ್ ಸರ್ವೆ. ಮೊದಲ ಎರಡರಲ್ಲಿ ಮಾರ್ಗವನ್ನೇ ಬದಲಿಸಬಹುದು. ವಿಸ್ತೃತ ಸರ್ವೆ ಆದ ಮೇಲೆ ಟವರ್ ಜಾಗ ಅತ್ತಿತ್ತ ಆಗಬಹುದು. ಚೆಕ್ ಸರ್ವೆ ಮುಗಿದು ಕಬ್ಬಿಣ ಬಂದಿಳಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಪರಿಹಾರದ ಮಾತು.

ಹಂತ 2: ನಕ್ಷೆಯ ಮೇಲೆ ಕಾರಿಡಾರ್ ಎಳೆಯುವುದು

ಲೈನ್ ಎಂದರೆ ಒಂದು ಗೆರೆ ಎಂದುಕೊಂಡೇ ಹೆಚ್ಚಿನವರು ಮೋಸಹೋಗುತ್ತಾರೆ. ಅದು ಒಂದು ಪಟ್ಟಿ. ರೂಢಿಯಲ್ಲಿರುವ ಕಾರಿಡಾರ್ ಅಗಲಗಳು ಹೀಗಿವೆ:

- 66 ಕೆವಿ: 18 ಮೀಟರ್ (ಪ್ರತಿ ಕಿಲೋಮೀಟರಿಗೆ ಸುಮಾರು 4 ಎಕರೆ 18 ಗುಂಟೆ)
- 110 ಕೆವಿ: 22 ಮೀಟರ್ (5 ಎಕರೆ 17 ಗುಂಟೆ)
- 220 ಕೆವಿ: 35 ಮೀಟರ್ (8 ಎಕರೆ 26 ಗುಂಟೆ)
- 400 ಕೆವಿ: 46 ಮೀಟರ್ (11 ಎಕರೆ 15 ಗುಂಟೆ)

ಟವರ್ ವಿನ್ಯಾಸ, ಗಾಳಿಯ ವೇಗದ ವಲಯ ಇವುಗಳ ಮೇಲೆ ಅಗಲ ಸ್ವಲ್ಪ ಬದಲಾಗಬಹುದು. ನಿಮ್ಮ ಲೈನಿನ ಅಗಲವನ್ನು ಲಿಖಿತವಾಗಿ ಪಡೆಯಿರಿ. ಸಾಮಾನ್ಯ ಸ್ಪ್ಯಾನ್ (ಎರಡು ಟವರುಗಳ ನಡುವಿನ ದೂರ) 220 ಕೆವಿಗೆ 350 ಮೀಟರ್, 400 ಕೆವಿಗೆ 400 ಮೀಟರ್. ಅಂದರೆ ಕಿಲೋಮೀಟರಿಗೆ ಎರಡೂವರೆಯಿಂದ ಮೂರು ಟವರ್.

ಆ್ಯಂಗಲ್ ಪಾಯಿಂಟ್‌ಗಳ ಅಂಕಿಗಳನ್ನು ಗೂಗಲ್ ಅರ್ತ್‌ನಲ್ಲಿ ಹಾಕಿ ಗೆರೆ ಎಳೆಯಿರಿ, ಎರಡೂ ಕಡೆ ಅರ್ಧರ್ಧ ಅಗಲ ಬಿಟ್ಟು ಪಟ್ಟಿ ಗುರುತಿಸಿ. ನಂತರ ದಿಶಾಂಕ್ ಆ್ಯಪ್ ಹಿಡಿದು ಆ ಪಟ್ಟಿಯಲ್ಲಿ ನಡೆದರೆ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ದಿಶಾಂಕ್ ಗಡಿಗಳು ಕೆಲವು ಮೀಟರ್ ಆಚೀಚೆ ಇರುವುದುಂಟು. ಅಂದಾಜಿಗೆ ಅದು ಸಾಕು. ಎರಡು ಹಿಡುವಳಿಗಳ ನಡುವಿನ ಗಡಿಯಲ್ಲಿ ಟವರ್ ಬೀಳುವಂತಿದ್ದರೆ ಮಾತ್ರ ಭೂಮಾಪಕರಿಂದ ಅಳತೆ ಮಾಡಿಸಲೇಬೇಕು.

ಒಂದು ತಖ್ತೆ ಮಾಡಿ. ಸರ್ವೆ ನಂಬರ್ ಮತ್ತು ಹಿಸ್ಸಾ, ಪಹಣಿಯಲ್ಲಿರುವ ಹೆಸರು, ನಿಜವಾಗಿ ಸಾಗು ಮಾಡುತ್ತಿರುವವರು, ಕಾರಿಡಾರ್‌ನೊಳಗೆ ಬರುವ ಗುಂಟೆ, ಬೆಳೆ, ಮರಗಳು, ಬೋರ್‌ವೆಲ್, ಮನೆ ಅಥವಾ ಕೊಟ್ಟಿಗೆ, ಟವರ್ ಬೀಳುತ್ತದೆಯೇ. ಪಹಣಿಯಲ್ಲಿ ತೀರಿಹೋದವರ ಹೆಸರಿದ್ದರೆ ಪೌತಿ ಖಾತೆ ಮಾಡಿಸಲು ಆ ಮನೆಯವರಿಗೆ ಅಂದೇ ಹೇಳಿ. ಪೋಡಿ ಆಗದ (ಪಾಲು ಅಳೆದು ಪ್ರತ್ಯೇಕಿಸದ) ಜಂಟಿ ಹಿಡುವಳಿಗೂ ಅಷ್ಟೇ. ಲೈನ್ ಚಾರ್ಜ್ ಆಗಿ (ವಿದ್ಯುತ್ ಹರಿಯಲು ಶುರುವಾಗಿ) ವರ್ಷಗಳಾದರೂ ಪರಿಹಾರದ ಚೆಕ್ ಕೈಸೇರದ ಪ್ರಕರಣಗಳಲ್ಲಿ ಬಹುಪಾಲು ಸಿಕ್ಕಿಕೊಂಡಿರುವುದು ಈ ಎರಡರಲ್ಲಿಯೇ.

ಹಂತ 3: ನಡೆದು ನೋಡುವುದು

ಉಪಗ್ರಹ ಚಿತ್ರ ಹಳೆಯದಾಗಿರುತ್ತದೆ. ಎಂಜಿನಿಯರುಗಳ ಕಣ್ಣಿಗೆ ‘ಖಾಲಿ’ ಎಂದು ಕಂಡ ಜಾಗದಲ್ಲಿ ಕಳೆದ ವರ್ಷ ಅಡಿಕೆ ಸಸಿ ನೆಟ್ಟಿರಬಹುದು, ಆಶ್ರಯ ನಿವೇಶನ ಹಂಚಿರಬಹುದು. ವಾರ್ಡ್ ಸದಸ್ಯರು, ಗ್ರಾಮ ಆಡಳಿತಾಧಿಕಾರಿ, ಆಯಾ ಜಮೀನಿನವರು ಸೇರಿ ಇಡೀ ಪಟ್ಟಿ ನಡೆಯಿರಿ. ಗಮನಿಸಬೇಕಾದವುಗಳಲ್ಲಿ ಕೆಲವು ಸಲೀಸಾಗಿ ಕಣ್ತಪ್ಪುತ್ತವೆ.

ಬೋರ್‌ವೆಲ್. ಲೈನಿನ ಕೆಳಗೆ ಬೋರ್ ಇದ್ದರೆ ಮೋಟಾರ್ ಕೆಟ್ಟಾಗ 20 ಅಡಿಯ ಕಬ್ಬಿಣದ ಪೈಪುಗಳನ್ನು ಮೇಲೆತ್ತಬೇಕು. 220 ಕೆವಿ ತಂತಿ ನೆಲದಿಂದ ಕನಿಷ್ಠ 7 ಮೀಟರ್ ಎತ್ತರದಲ್ಲಿರಬೇಕು ಎನ್ನುತ್ತದೆ ನಿಯಮ. 20 ಅಡಿ ಪೈಪ್ ಎಂದರೆ 6 ಮೀಟರ್, ಅದನ್ನು ಎತ್ತುವ ಕ್ರೇನ್ ಅದಕ್ಕೂ ಮೇಲೆ. ತಂತಿ ಮುಟ್ಟಲೇಬೇಕೆಂದಿಲ್ಲ, ಹತ್ತಿರ ಬಂದರೆ ಸಾಕು, ಜೀವ ಹೋಗುತ್ತದೆ. ಕಾರಿಡಾರ್‌ನೊಳಗಿನ ಪ್ರತಿ ಬೋರನ್ನೂ ನಕ್ಷೆಯಲ್ಲಿ ಗುರುತಿಸಿ, ಒಂದೋ ಲೈನ್ ಸರಿಯಬೇಕು, ಇಲ್ಲವೇ ಹೊಸ ಬೋರಿನ ಖರ್ಚು ಪರಿಹಾರದಲ್ಲಿ ಸೇರಬೇಕು ಎಂದು ಬರೆಯಿರಿ.

ತೋಟ. ಅಡಿಕೆ ಮರ ಹದಿನೈದು ಮೀಟರ್ ದಾಟಿ ಬೆಳೆಯುತ್ತದೆ, ತೆಂಗು ಇನ್ನೂ ಎತ್ತರ. 220 ಕೆವಿ ತಂತಿಗೂ ಮರಕ್ಕೂ 4.6 ಮೀಟರ್ ಅಂತರ ಬೇಕು. ತಂತಿ 7 ಮೀಟರಿಗೆ ಜೋತುಬಿದ್ದ ಕಡೆ ಉಳಿಯುವುದು 2.4 ಮೀಟರ್ ಎತ್ತರದ ಗಿಡ ಮಾತ್ರ. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ 100 ಮೀಟರ್ ಉದ್ದಕ್ಕೆ 35 ಮೀಟರ್ ಪಟ್ಟಿ ಹಾಯ್ದರೆ ಸುಮಾರು 465 ಮರ ಹೋಗುತ್ತವೆ. ಕಾಫಿ ಗಿಡ ಗಿಡ್ಡವೇ ಹೌದು, ಆದರೆ ಅದರ ನೆರಳಿನ ಮರ ಉಳಿಯುವುದಿಲ್ಲ. ನೆರಳು ಹೋದ ಕಾಫಿ, ಮರವಿಲ್ಲದ ಮೆಣಸು ಬಳ್ಳಿ ಎರಡೂ ನಷ್ಟದ ಲೆಕ್ಕಕ್ಕೇ ಬರಬೇಕು. ಕೊಡಗಿನ ಮೂಲಕ ಹಾದ ಮೈಸೂರು–ಕೋಝಿಕ್ಕೋಡ್ 400 ಕೆವಿ ಲೈನಿಗೂ ದಕ್ಷಿಣ ಕನ್ನಡದಲ್ಲಿ ಉಡುಪಿ–ಕಾಸರಗೋಡು 400 ಕೆವಿ ಲೈನಿಗೂ ಅಷ್ಟೊಂದು ವಿರೋಧ ಬಂದದ್ದು ಮರಗಳ ಕಾರಣಕ್ಕೆ. ಬಯಲುಸೀಮೆಯ ರಾಗಿ ಹೊಲದ ಮೇಲೆ ಹಾಯುವ ಲೈನಿಗೂ ಮಲೆನಾಡು, ಕರಾವಳಿಯ ತೋಟದ ಮೇಲೆ ಹಾಯುವ ಲೈನಿಗೂ ಒಂದೇ ಅಳತೆಗೋಲು ಹಿಡಿಯುವುದು ಅನ್ಯಾಯ.

ಇವಲ್ಲದೆ ಕೆರೆ ಏರಿ ಮತ್ತು ತೂಬು, ರಾಜಕಾಲುವೆ, ಗುಂಡುತೋಪು, ಜಾತ್ರೆಯಲ್ಲಿ ತೇರು ಎಳೆಯುವ ಬೀದಿ, ಶಾಲೆ, ಕಬ್ಬಿನ ಲೋಡ್ ಗಾಡಿ ಓಡಾಡುವ ದಾರಿ, ನಕಾಶೆಯಲ್ಲಿರುವ ಬಂಡಿದಾರಿ ಎಲ್ಲವನ್ನೂ ಗುರುತಿಸಿ. ಕಬ್ಬಿನ ಸೀಮೆಯಲ್ಲಿ ಇನ್ನೊಂದು ಮಾತು: ಕಟಾವಾದ ಮೇಲೆ ರವದಿಗೆ (ಒಣ ಸೋಗೆಗೆ) ಬೆಂಕಿ ಹಚ್ಚಿದರೆ ಹೊಗೆಯಿಂದ ಲೈನ್ ಟ್ರಿಪ್ ಆಗುತ್ತದೆ, ತಂತಿಯಿಂದ ನೆಲಕ್ಕೆ ಕಿಡಿ ಹಾಯುವ ಅಪಾಯವೂ ಇದೆ. ರವದಿ ಸುಡಬಾರದು ಎಂದು ರೈತರಿಗೆ ತಿಳಿಹೇಳುವ ಕೆಲಸ ಅಲ್ಲಿಂದ ಮುಂದೆ ಪ್ರತಿವರ್ಷದ್ದು.

ಹಂತ 4: ಪರ್ಯಾಯ ಮಾರ್ಗ ಕಟ್ಟುವುದು

ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದೇ. ಲೈನ್ ಹೇಗೆ ತಿರುಗುತ್ತದೆ ಎಂದು ತಿಳಿಯದೆ ಪರ್ಯಾಯ ಹೇಳಿದರೆ ಎಂಜಿನಿಯರ್ ‘ತಾಂತ್ರಿಕವಾಗಿ ಸಾಧ್ಯವಿಲ್ಲ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ.

ಟವರ್‌ಗಳಲ್ಲಿ ಜಾತಿಗಳಿವೆ. ‘ಎ’ ಟವರ್ ನೇರ ದಾರಿಯದ್ದು, 2 ಡಿಗ್ರಿವರೆಗಿನ ಓರೆ ಮಾತ್ರ ತಡೆಯುತ್ತದೆ. ‘ಬಿ’ 15 ಡಿಗ್ರಿವರೆಗೆ, ‘ಸಿ’ 30 ಡಿಗ್ರಿವರೆಗೆ, ‘ಡಿ’ 60 ಡಿಗ್ರಿವರೆಗೆ ಮತ್ತು ಲೈನ್ ಮುಗಿಯುವ ಜಾಗಕ್ಕೆ. ತಿರುವು ಹೆಚ್ಚಿದಂತೆ ತಂತಿಯ ಎಳೆತವನ್ನು ಟವರ್ ಒಂಟಿಯಾಗಿ ತಡೆಯಬೇಕಾಗುತ್ತದೆ; ಅದಕ್ಕೇ ಕಬ್ಬಿಣ, ತಳಪಾಯ, ಆಕ್ರಮಿಸುವ ಜಾಗ ಎಲ್ಲವೂ ಏರುತ್ತವೆ. ಆದ್ದರಿಂದ ಒಂದು ತೋಟ ಉಳಿಸಲು ಎರಡು ‘ಡಿ’ ತಿರುವು ಕೇಳುವುದಕ್ಕಿಂತ, ಎರಡು ಕಿಲೋಮೀಟರ್ ಹಿಂದಿನಿಂದಲೇ 10–12 ಡಿಗ್ರಿಯ ಸಣ್ಣ ತಿರುವು ಕೊಟ್ಟು ನಿಧಾನವಾಗಿ ಪಕ್ಕಕ್ಕೆ ಸರಿಸಿ ಎಂದು ಕೇಳಿ. ಲೆಕ್ಕ ಸುಲಭ: 10 ಡಿಗ್ರಿ ತಿರುಗಿದ ಲೈನ್ ಪ್ರತಿ ಕಿಲೋಮೀಟರಿಗೆ ಸುಮಾರು 175 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹಾಗೆ ಸರಿಸುವಾಗ ಹಿಂದಿನ ಪಂಚಾಯಿತಿಯ ಜಮೀನು ಬರುವುದರಿಂದ ಅವರನ್ನೂ ಕೂರಿಸಿಕೊಂಡೇ ಮಾತಾಡಬೇಕು.

ಇದಕ್ಕಿಂತ ಸುಲಭವಾದದ್ದು ಇನ್ನೊಂದಿದೆ. ನೇರ ಓಟದ ನಡುವಿನ ಟವರನ್ನು ಅದೇ ಗೆರೆಯ ಮೇಲೆ ಹಿಂದಕ್ಕೋ ಮುಂದಕ್ಕೋ ಹತ್ತಿಪ್ಪತ್ತು ಮೀಟರ್ ಸರಿಸುವುದು ಹಲವು ಸಲ ಸಾಧ್ಯ. ತಂತಿಯ ಎತ್ತರ ಕಡಿಮೆಯಾದರೆ 3 ಅಥವಾ 6 ಮೀಟರ್ ಎಕ್ಸ್‌ಟೆನ್ಷನ್ ಹಾಕಿ ಟವರನ್ನು ಎತ್ತರಿಸುತ್ತಾರೆ. ಹೊಲದ ನಟ್ಟನಡುವೆ ನಿಂತು ಟ್ರ್ಯಾಕ್ಟರ್ ತಿರುಗದಂತೆ ಮಾಡುವ ಟವರ್ ಬದುವಿಗೆ ಬಂದರೆ ಆ ಕುಟುಂಬದ ತಲೆಮಾರಿನ ಕಿರಿಕಿರಿ ತಪ್ಪುತ್ತದೆ. ಪಕ್ಕಕ್ಕೆ ಸರಿಸಿ ಎಂದರೆ ಹಾಗಲ್ಲ, ಅಲ್ಲಿ ಹೊಸ ತಿರುವು ಹುಟ್ಟುತ್ತದೆ, ‘ಎ’ ಟವರ್ ತಾಳುವುದಿಲ್ಲ. ಈ ವ್ಯತ್ಯಾಸ ತಿಳಿದು ಕೇಳಿದ ಬೇಡಿಕೆ ನಿಲ್ಲುತ್ತದೆ.

ಜಾಗ ಹುಡುಕುವಾಗ ಈಗಾಗಲೇ ಇರುವ ಲೈನಿನ ಪಕ್ಕ, ರಸ್ತೆ ಅಥವಾ ಕಾಲುವೆಗೆ ಸಮಾನಾಂತರ, ಹಿಡುವಳಿಗಳ ಗಡಿ, ಬಿ ಖರಾಬು (ಸಾಗುವಳಿಗೆ ಸೇರದ, ಸಾರ್ವಜನಿಕ ಬಳಕೆಯ ಜಾಗ) ಇವನ್ನು ಮೊದಲು ನೋಡಿ. ಹಳೆಯ 66 ಕೆವಿ ಲೈನನ್ನು ಕಳಚಿ ಅದೇ ಕಾರಿಡಾರ್‌ನಲ್ಲಿ ಮಲ್ಟಿ ಸರ್ಕ್ಯೂಟ್ ಟವರ್ ಹಾಕಲು ಆಗುತ್ತದೆಯೇ ಎಂದು ಕೇಳುವುದು ಯೋಗ್ಯ ಪ್ರಶ್ನೆ. ಇಕ್ಕಟ್ಟಾದ ಜಾಗಕ್ಕೆ ನ್ಯಾರೋ ಬೇಸ್ (ಕಿರಿದಾದ ತಳದ) ಟವರ್, ಮಾನೊಪೋಲ್ (ಒಂಟಿ ಕಂಬ) ಇವೆ. ನೆಲದಡಿಯ ಕೇಬಲ್ ಬೆಂಗಳೂರಿನಂಥ ನಗರಗಳಲ್ಲಿದೆ, ಆದರೆ ಅದರ ವೆಚ್ಚ ಓವರ್‌ಹೆಡ್ ಲೈನಿನ ಹಲವು ಪಟ್ಟು. ಅದರ ಮೇಲೂ ಆಳವಾದ ಬೇರಿನ ಮರ ಬೆಳೆಸುವಂತಿಲ್ಲ. ಇಡೀ ಲೈನಿಗೆ ಕೇಬಲ್ ಕೇಳಿದರೆ ಅರ್ಜಿಗೆ ಗಂಭೀರತೆ ಉಳಿಯದು. ಊರ ನಡುವಿನ ಕೆಲವು ನೂರು ಮೀಟರಿಗೆ ಕೇಳುವುದು ಬೇರೆ ಮಾತು.

ಅರಣ್ಯದ ಕಡೆ ತಳ್ಳಿಬಿಡೋಣ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ, ಮೊದಲ ಹಂತದ ತಾತ್ವಿಕ ಒಪ್ಪಿಗೆ, ಎರಡನೇ ಹಂತದ ಅಂತಿಮ ಒಪ್ಪಿಗೆ, ಬದಲಿ ಅರಣ್ಯೀಕರಣ ಇಷ್ಟೆಲ್ಲ ಆಗಬೇಕು. ಅರಣ್ಯ ತಪ್ಪಿಸಲು ಸಾಧ್ಯವಿರಲಿಲ್ಲ ಎಂದು ಕಂಪನಿ ತೋರಿಸಲೂಬೇಕು. ಕಾಡಿನ ನಡುವೆ ಒಂದು ಪಟ್ಟಿ ಕಡಿದರೆ ಆನೆಗಳು ಅದೇ ದಾರಿ ಹಿಡಿದು ತೋಟಕ್ಕಿಳಿಯುವ ಸಾಧ್ಯತೆಯನ್ನೂ ಕಾಡಂಚಿನ ಊರು ಯೋಚಿಸಬೇಕು.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕು. ಮಾರ್ಗ ಬದಲಿಸುವಾಗ ಲೈನ್ ಹೋಗಿ ಕೂರುವುದು ಬಹಳ ಸಲ ಸಭೆಗೆ ಬಾರದವರ ಮೇಲೆ: ಒಂದು ಎಕರೆಯ ರೈತ, ದಲಿತ ಕೇರಿಯ ಹಿಂಬದಿ, ಬಗರ್‌ಹುಕುಂ ಸಾಗುವಳಿ ಮಾಡುತ್ತಿರುವ ವಿಧವೆ. ಹತ್ತು ಎಕರೆ ಇರುವವರಿಗೆ ಒಂದು ಎಕರೆ ಹೋದರೆ ನಷ್ಟ, ಒಂದೇ ಎಕರೆ ಇರುವವರಿಗೆ ಬದುಕೇ ಹೋಯಿತು. ಪ್ರತಿ ಪರ್ಯಾಯಕ್ಕೂ ಎಷ್ಟು ಕುಟುಂಬ, ಪ್ರತಿ ಕುಟುಂಬದ ಒಟ್ಟು ಹಿಡುವಳಿಯಲ್ಲಿ ಎಷ್ಟು ಪಾಲು ಕಾರಿಡಾರ್‌ಗೆ ಹೋಗುತ್ತದೆ ಎಂಬ ಕಾಲಮ್ಮು ಇರಲೇಬೇಕು. ಆ ಕಾಲಮ್ ಇಲ್ಲದ ಹೋಲಿಕೆಯನ್ನು ಪಂಚಾಯಿತಿ ಒಪ್ಪಬಾರದು.

ಹಂತ 5: ಗ್ರಾಮಸಭೆ ಮತ್ತು ನಿರ್ಣಯ

ವಿಶೇಷ ಗ್ರಾಮಸಭೆ ಕರೆದು ದೊಡ್ಡ ನಕ್ಷೆಯನ್ನು ಗೋಡೆಗೆ ಅಂಟಿಸಿ, ಸರ್ವೆ ನಂಬರುಗಳನ್ನು ಜೋರಾಗಿ ಓದಿಸಿ. ಕಂಪನಿಯ ಎಂಜಿನಿಯರ್, ಕಂದಾಯ ಮತ್ತು ತೋಟಗಾರಿಕೆ ಇಲಾಖೆಯವರಿಗೆ ಲಿಖಿತ ಆಹ್ವಾನ ಹೋಗಿರಲಿ. ನಿರ್ಣಯದ ಧಾಟಿ ಹೀಗಿರಬೇಕು:

‘ಎಪಿ–14ರಿಂದ ಎಪಿ–16ರವರೆಗಿನ ಪ್ರಸ್ತಾವಿತ ಮಾರ್ಗದ ಕಾರಿಡಾರ್‌ನಲ್ಲಿ ಅನುಬಂಧ 1ರಲ್ಲಿರುವ ಮನೆಗಳು, ಬೋರ್‌ವೆಲ್‌ಗಳು, ಅಡಿಕೆ ಮರಗಳು ಬರುತ್ತವೆ. ಅನುಬಂಧ 2ರ ನಕ್ಷೆಯಲ್ಲಿ ತೋರಿಸಿದಂತೆ ಎಪಿ–13ರಲ್ಲಿ ಸಣ್ಣ ತಿರುವು ನೀಡಿದರೆ ಮನೆಗಳು ಪೂರ್ಣವಾಗಿ ತಪ್ಪುತ್ತವೆ, ಬಾಧಿತ ಮರಗಳು ಕಡಿಮೆಯಾಗುತ್ತವೆ. ಈ ಪರ್ಯಾಯವನ್ನು ಜಂಟಿ ಸ್ಥಳ ಪರಿಶೀಲನೆ ಮಾಡಿ, ಒಪ್ಪದಿದ್ದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ಸಭೆ ನಿರ್ಣಯಿಸಿತು. ಪಂಚಾಯಿತಿ ರಸ್ತೆಗಳನ್ನು ದಾಟಲು ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 10(ಸಿ) ಪ್ರಕಾರ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.’

ರಸ್ತೆ ದಾಟುವ ಅನುಮತಿಗೆ ಷರತ್ತುಗಳು ಕೆಲಸಕ್ಕೆ ಬರುವಂತಿರಲಿ: ಮಳೆಗಾಲದಲ್ಲಿ ಮಣ್ಣು ರಸ್ತೆಯ ಮೇಲೆ ಭಾರದ ಲಾರಿ ಬೇಡ, ಕೆಲಸಕ್ಕೆ ಮೊದಲು ರಸ್ತೆಯ ಫೋಟೊ, ದುರಸ್ತಿಗೆ ಠೇವಣಿ, ಕುಡಿಯುವ ನೀರಿನ ಪೈಪ್ ಒಡೆದರೆ 24 ಗಂಟೆಯಲ್ಲಿ ಸರಿಪಡಿಸಬೇಕು, ತಂತಿ ಎಳೆಯುವ ದಿನ ರಸ್ತೆಯ ಎರಡೂ ಬದಿ ಕಾವಲು. ಅನುಮತಿಯನ್ನೇ ತಡೆದು ಕೂರುವುದರಿಂದ ಉಪಯೋಗವಿಲ್ಲ. ವಿವಾದವನ್ನು ಟೆಲಿಗ್ರಾಫ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಸರ್ಕಾರ ನೇಮಿಸಿದ ಅಧಿಕಾರಿ ತೀರ್ಮಾನಿಸುತ್ತಾರೆ.

ಜಂಟಿ ಪರಿಶೀಲನೆಯ ದಿನ ಮಹಜರು ಬರೆಸಿ, ಎಲ್ಲರ ಸಹಿ ಹಾಕಿಸಿ, ಪ್ರತಿ ಅಂದೇ ತೆಗೆದುಕೊಳ್ಳಿ.

ಹಂತ 6: ಜಿಲ್ಲಾಧಿಕಾರಿ ಮುಂದೆ

ರೈತರು ಕೆಲಸ ತಡೆದರೆ ಕಂಪನಿ ಟೆಲಿಗ್ರಾಫ್ ಕಾಯ್ದೆಯ 16ನೇ ಸೆಕ್ಷನ್ ಅಡಿ ಜಿಲ್ಲಾ ದಂಡಾಧಿಕಾರಿಯ ಬಳಿ ಹೋಗುತ್ತದೆ. ಅವರು ‘ಕೆಲಸಕ್ಕೆ ಅವಕಾಶ ಕೊಡಿ’ ಎಂದು ಆದೇಶಿಸಬಹುದು. ಆ ಬಳಿಕವೂ ಅಡ್ಡಿಪಡಿಸಿದರೆ ಅದು ಅಪರಾಧವಾಗುತ್ತದೆ. ಇದು ಅವರ ವಿವೇಚನೆಗೆ ಬಿಟ್ಟ ಅಧಿಕಾರ. ಪರ್ಯಾಯ ಮಾರ್ಗದ ತಖ್ತೆ, ಮಹಜರು, ಉತ್ತರ ಬಾರದ ಪತ್ರಗಳ ದಿನಾಂಕ ಪಟ್ಟಿ ಅವರ ಮುಂದಿದ್ದರೆ ವಿವೇಚನೆಗೆ ಆಧಾರ ಸಿಗುತ್ತದೆ. ವಿಚಾರಣೆಗೆ ಪಂಚಾಯಿತಿಯಿಂದ ಇಬ್ಬರು ಹೋಗಲಿ, ಒಬ್ಬರು ಮಾತಾಡಲು, ಒಬ್ಬರು ಬರೆದುಕೊಳ್ಳಲು. ಆದೇಶ ಬಂದ ಮೇಲೆ ಟವರ್ ಗುಂಡಿಯ ಮುಂದೆ ಹೆಂಗಸರನ್ನು ಮಕ್ಕಳನ್ನು ಕೂರಿಸುವ ಯೋಚನೆ ದಯವಿಟ್ಟು ಬೇಡ. ಕೇಸು ಬೀಳುವುದು ಅವರ ಮೇಲೆ.

ಹಂತ 7: ಪರಿಹಾರದ ಲೆಕ್ಕ

ಕೇಂದ್ರ ವಿದ್ಯುತ್ ಸಚಿವಾಲಯದ 2015ರ ಅಕ್ಟೋಬರ್ ಮಾರ್ಗಸೂಚಿಯಲ್ಲಿ ಟವರ್ ಜಾಗಕ್ಕೆ ಜಮೀನು ಮೌಲ್ಯದ ಶೇ 85, ಕಾರಿಡಾರ್‌ಗೆ ಗರಿಷ್ಠ ಶೇ 15 ಇತ್ತು. 2024ರ ಜೂನ್ ಮಾರ್ಗಸೂಚಿ ಇದನ್ನು ಟವರ್ ಜಾಗಕ್ಕೆ ಶೇ 200, ಕಾರಿಡಾರ್‌ಗೆ ಶೇ 30 ಮಾಡಿತು. 2025ರ ಮಾರ್ಚ್‌ನಲ್ಲಿ ಪಟ್ಟಣ, ನಗರ ಪ್ರದೇಶಗಳಿಗೆ ಕಾರಿಡಾರ್ ದರ ಇನ್ನೂ ಏರಿತು. ಇವು 66 ಕೆವಿ ಮತ್ತು ಮೇಲಿನ ಲೈನುಗಳಿಗೆ. ಅಂತರರಾಜ್ಯ ಲೈನುಗಳಿಗೆ ಕೇಂದ್ರದ ಮಾರ್ಗಸೂಚಿ ನೇರ ಬರುತ್ತದೆ, ರಾಜ್ಯದೊಳಗಿನ ಲೈನಿಗೆ ರಾಜ್ಯ ಸರ್ಕಾರದ ಆದೇಶ ನೋಡಬೇಕು. ನಿಮ್ಮ ಲೈನಿಗೆ ಯಾವ ಆದೇಶ, ಅದರ ಸಂಖ್ಯೆ ಮತ್ತು ದಿನಾಂಕ ಏನು ಎಂಬುದನ್ನು ಕಂಪನಿಯಿಂದ ಬರೆಸಿಕೊಳ್ಳದೆ ಯಾವ ರೈತರೂ ಸಹಿ ಹಾಕಬಾರದು.

ಒಂದು ಉದಾಹರಣೆ. ಎಕರೆಗೆ 40 ಲಕ್ಷ, ಅಂದರೆ ಗುಂಟೆಗೆ 1 ಲಕ್ಷ ರೂಪಾಯಿ ಬೆಲೆಯ ಜಮೀನು. 220 ಕೆವಿ ಲೈನ್ 200 ಮೀಟರ್ ಹಾಯುತ್ತದೆ, ಒಂದು ಟವರ್ ಬೀಳುತ್ತದೆ. ಕಾಲುಗಳ ನಡುವೆ 10 ಮೀಟರ್ ಇದ್ದರೆ, 2024ರ ಮಾರ್ಗಸೂಚಿಯಂತೆ ನಾಲ್ಕೂ ಬದಿಗೆ ಒಂದೊಂದು ಮೀಟರ್ ಸೇರಿ 12 × 12 = 144 ಚದರ ಮೀಟರ್, ಅಂದರೆ 1.42 ಗುಂಟೆ. ಶೇ 200ರಂತೆ ಸುಮಾರು 2.85 ಲಕ್ಷ. ಕಾರಿಡಾರ್ 200 × 35 = 7000 ಚದರ ಮೀಟರ್, 69 ಗುಂಟೆಗೆ ತುಸು ಮೇಲೆ. ಶೇ 30ರಂತೆ ಸುಮಾರು 20.75 ಲಕ್ಷ. ಹಳೆಯ ಶೇ 15ರಂತೆ ಹಿಡಿದರೆ ಇದರ ಅರ್ಧ. ಟವರ್ ಕಾಲಿನ ಬಗ್ಗೆ ತಿಂಗಳುಗಟ್ಟಲೆ ಜಗಳವಾಡಿ, ಕಾರಿಡಾರ್ ಹಣ ಕೇಳುವುದನ್ನೇ ಮರೆತರೆ ಎಷ್ಟು ಕಳೆದುಕೊಳ್ಳುತ್ತೇವೆ ನೋಡಿ. ಟವರ್ ಬೀಳದೆ ತಂತಿ ಮಾತ್ರ ಹಾಯುವ ಜಮೀನಿನವರನ್ನು ಸಭೆಗೆ ಕರೆಯಬೇಕಾದದ್ದೂ ಇದಕ್ಕೇ.

ಬೆಳೆ ಮತ್ತು ಮರದ ಪರಿಹಾರ ಇದಕ್ಕೆ ಹೊರತಾದದ್ದು. ಬೆಳೆನಷ್ಟವನ್ನು ತಳಪಾಯ, ಟವರ್ ನಿಲ್ಲಿಸುವುದು, ತಂತಿ ಎಳೆಯುವುದು ಈ ಮೂರೂ ಹಂತದಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ತೋಟದ ಮರಕ್ಕೆ ತೋಟಗಾರಿಕೆ ಇಲಾಖೆ, ಕಾಡುಮರಕ್ಕೆ ಅರಣ್ಯ ಇಲಾಖೆ ಬೆಲೆ ಕಟ್ಟುತ್ತದೆ. ಪ್ರತಿ ಮರಕ್ಕೂ ನಂಬರ್ ಬರೆದು, ವಯಸ್ಸು ದಾಖಲಿಸಿ, ಮಾಲೀಕರೊಂದಿಗೆ ಫೋಟೊ ತೆಗೆಯುವ ಮೊದಲು ಗರಗಸ ಹಾಕಲು ಬಿಡಬೇಡಿ. ಕಡಿದ ಮೇಲೆ ಫಲ ಕೊಡುತ್ತಿದ್ದ ಮರ ಎಂದು ಸಾಬೀತು ಮಾಡುವುದು ಕಷ್ಟ.

ಕೊಟ್ಟದ್ದು ಸಾಲದೆನಿಸಿದರೆ ಹಣವನ್ನು ‘ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಪಡೆದು, 16ನೇ ಸೆಕ್ಷನ್‌ನ 3ನೇ ಉಪಖಂಡದಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ಕೇರಳ ವಿದ್ಯುತ್ ಮಂಡಳಿ ಮತ್ತು ಲಿವಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದ್ದು ಇಲ್ಲಿ ನೆರವಾಗುತ್ತದೆ: ಒಂದೇ ಸೂತ್ರ ಎಲ್ಲರಿಗೂ ಹೊಂದದು, ಜಮೀನು ಎಲ್ಲಿದೆ, ತಂತಿ ಅದರ ಮೇಲೆ ಹೇಗೆ ಹಾದಿದೆ, ಉಳಿದ ಭಾಗದ ಬಳಕೆ ಎಷ್ಟು ಕುಗ್ಗಿದೆ ಎಂಬುದನ್ನು ನೋಡಬೇಕು. ಸಣ್ಣ ಹಿಡುವಳಿಯ ನಟ್ಟನಡುವೆ ಕರ್ಣಾಕಾರವಾಗಿ ಲೈನ್ ಹಾದವರಿಗೆ ಇದು ಮುಖ್ಯ ಆಧಾರ.

ಹಂತ 8: ಕೆಲಸ ನಡೆಯುವಾಗ

ಗುಂಡಿ ತೋಡುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಮುಚ್ಚುವಾಗ ಅದೇ ಮೇಲೆ ಬರಬೇಕು. ತೋಡಿದ ಗುಂಡಿಗೆ ರಾತ್ರಿ ಬೇಲಿ ಇರಲಿ, ದನಕರು ಬೀಳುತ್ತವೆ. ಉಳಿದ ಕಾಂಕ್ರೀಟ್, ಜಲ್ಲಿ, ಬೋಲ್ಟು ಹೊಲದಲ್ಲಿ ಬಿಟ್ಟುಹೋದರೆ ಮುಂದಿನ ಉಳುಮೆಗೆ ನೇಗಿಲು ಮುರಿಯುತ್ತದೆ. ಹನಿ ನೀರಾವರಿ ಪೈಪ್ ಎಲ್ಲೆಲ್ಲಿದೆ ಎಂದು ಮೊದಲೇ ಸುಣ್ಣದಲ್ಲಿ ಗುರುತು ಮಾಡಿ.

ತಂತಿ ಎಳೆದ ಮೇಲೆ ಎತ್ತರ ಅಳೆಯಿಸಿ. 66 ಕೆವಿಗೆ 5.5, 110 ಕೆವಿಗೆ 6.1, 220 ಕೆವಿಗೆ 7, 400 ಕೆವಿಗೆ 8.8 ಮೀಟರ್ ಕನಿಷ್ಠ. ತಂಪು ಬೆಳಗಿನಲ್ಲಿ, ಲೋಡ್ ಇಲ್ಲದಾಗ ಅಳೆದದ್ದು ನಿಜವಾದ ಕನಿಷ್ಠವಲ್ಲ. ಬೇಸಿಗೆಯಲ್ಲಿ ಪೂರ್ತಿ ಲೋಡ್ ಹರಿದಾಗ ತಂತಿ ಕಾದು ಇನ್ನಷ್ಟು ಜೋಲುತ್ತದೆ. ‘ಗರಿಷ್ಠ ಉಷ್ಣತೆಯಲ್ಲಿ ಈ ಸ್ಪ್ಯಾನಿನ ಎತ್ತರ ಎಷ್ಟು’ ಎಂದು ಕೇಳಿ ಬರೆಸಿಕೊಳ್ಳಿ. ಪ್ರತಿ ಟವರಿಗೆ ಅರ್ಥಿಂಗ್, ಅಪಾಯದ ಫಲಕ, ಹತ್ತದಂತೆ ಮುಳ್ಳುತಂತಿ ಇರಬೇಕು. ಲೈನಿನ ಪಕ್ಕದ ತಗಡಿನ ಶೆಡ್ಡು, ಉದ್ದನೆಯ ತಂತಿ ಬೇಲಿಗಳಲ್ಲಿ ಜುಮ್ಮೆನ್ನುವಷ್ಟು ವಿದ್ಯುತ್ ಪ್ರೇರಣೆಯಾಗುತ್ತದೆ, ಅವಕ್ಕೂ ಅರ್ಥಿಂಗ್ ಮಾಡಿಸಿ.

ಹಂತ 9: ಲೈನ್ ಚಾರ್ಜ್ ಆದ ಮೇಲೆ

ಕಾರಿಡಾರ್ ಹಾದ ಸರ್ವೆ ನಂಬರುಗಳ ಪಟ್ಟಿ ಪಂಚಾಯಿತಿ ಕಚೇರಿಯಲ್ಲಿ ಶಾಶ್ವತವಾಗಿ ಇರಲಿ. ಮನೆ ಕಟ್ಟುವ ಪರವಾನಗಿ, ಇ–ಸ್ವತ್ತು ಅರ್ಜಿ, ಬಡಾವಣೆ ಪ್ರಸ್ತಾವ ಬಂದಾಗಲೆಲ್ಲ ಈ ಪಟ್ಟಿ ನೋಡಿಯೇ ಸಹಿ ಹಾಕಬೇಕು. 220 ಕೆವಿ ತಂತಿಗೂ ಕಟ್ಟಡಕ್ಕೂ ಸುರಕ್ಷತಾ ನಿಯಮದಂತೆ ಅಡ್ಡಕ್ಕೆ ಕನಿಷ್ಠ 3.8 ಮೀಟರ್, ಮೇಲಕ್ಕೆ 5.5 ಮೀಟರ್ ಬೇಕು. ಗಾಳಿಗೆ ತಂತಿ ತೂಗುವುದನ್ನೂ ಸೇರಿಸಿಯೇ ಈ ಅಂತರ ಹಿಡಿಯುವುದರಿಂದ, ಕಾರಿಡಾರ್‌ನೊಳಗೆ ಮನೆಗೆ ಪರವಾನಗಿ ಕೊಡಲೇಬಾರದು.

ಮುಂದೆ ಆ ಜಮೀನಿನಲ್ಲಿ ಬೇರೇನಾದರೂ ಮಾಡಬೇಕಾಗಿ ಬಂದು ಲೈನ್ ಅಡ್ಡಿಯಾದರೆ, ಟೆಲಿಗ್ರಾಫ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದನ್ನು ಸರಿಸಲು ಮಾಲೀಕರು ಕೇಳಬಹುದು. ಹಿಂದೆ ಪರಿಹಾರ ಪಡೆದಿದ್ದರೆ, ಸರಿಸುವ ವೆಚ್ಚ ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆಯಾದದ್ದನ್ನು ಮೊದಲು ಕಟ್ಟಬೇಕು. ಕಂಪನಿ ಒಪ್ಪದಿದ್ದರೆ ಅರ್ಜಿ ಹೋಗಬೇಕಾದದ್ದು ಜಿಲ್ಲಾ ದಂಡಾಧಿಕಾರಿಗೆ. ಆಗ ಪಡೆದ ಪರಿಹಾರ ಎಷ್ಟು, ಯಾವ ಬಾಬ್ತಿಗೆ ಎಂಬುದರ ರಸೀದಿ ಬೇಕಾಗುತ್ತದೆ. ರೈತರ ಮನೆಯಲ್ಲಿ ಅದು ಕಳೆದುಹೋಗುವ ಸಾಧ್ಯತೆ ಹೆಚ್ಚಾದ್ದರಿಂದ ಪ್ರತಿ ಕುಟುಂಬದ ರಸೀದಿಯ ಒಂದೊಂದು ನಕಲನ್ನು ಈ ಲೈನಿನ ಕಡತದಲ್ಲಿ, ತಖ್ತೆಯ ಜೊತೆಯಲ್ಲೇ ಇಡಿ.